ಶಾಲೆಯ ಮೇಜು, ಶಾಲೆಯ ಬಸ್ಸು: ಸೋಂಕಿನ ಕಾಲದಲ್ಲಿ ಒರೆಸುವ ಕ್ರಮ

ಶರವಣಂಪಟ್ಟಿಯಲ್ಲಿ ಬೆಳಗಿನ ಹೊತ್ತು ಸತ್ಯಮಂಗಲ ರಸ್ತೆಯ ಉದ್ದಕ್ಕೂ ಹಳದಿ ಬಣ್ಣದ ಶಾಲಾ ವಾಹನಗಳು ಕಾಣುತ್ತವೆ. ಕೊಯಮತ್ತೂರಿನಿಂದ ಹೊರಡುವ ಈ ಹೆದ್ದಾರಿಯೇ ಸತ್ಯಮಂಗಲವನ್ನೂ ದಿಂಬಂ ಘಾಟಿಯನ್ನೂ ದಾಟಿ, ಚಾಮರಾಜನಗರದ ಮಾರ್ಗವಾಗಿ ಬೆಂಗಳೂರನ್ನು ಸೇರುತ್ತದೆ. ಘಾಟಿಯ ಮೇಲಿನ ತಾಳವಾಡಿ ಸೀಮೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೆಳಗಿನ ಕೊಯಮತ್ತೂರು ಸೀಮೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡ ದೇವಾಂಗ ಕುಟುಂಬಗಳಿವೆ. ಐಟಿ ಉದ್ಯೋಗಕ್ಕಾಗಿ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳೂ ಇವೆ. ಮಕ್ಕಳು ಕಲಿಯುವ ಮಾಧ್ಯಮ ಯಾವುದೇ ಇರಲಿ, ಸಾಂಕ್ರಾಮಿಕ ರೋಗವೊಂದು ಹಬ್ಬಿದಾಗ ಈ ಎಲ್ಲ ಮನೆಗಳಿಗೂ ಶಾಲೆಯಿಂದ ಬರುವ ಸೂಚನೆ ಬಹುಮಟ್ಟಿಗೆ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಆ ಸೂಚನೆಯ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳುವುದಕ್ಕೂ, ಶಾಲೆಯ ಕೋಣೆ ಮತ್ತು ವಾಹನಗಳ ಶುಚಿತ್ವವನ್ನು ಪೋಷಕರೇ ಪರಿಶೀಲಿಸುವುದಕ್ಕೂ ನೆರವಾಗಲೆಂದು ನಾವು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ.

ಒಂದು ಪದ, ಎರಡು ಅರ್ಥ

ತಮಿಳು ಸೂಚನೆಗಳಲ್ಲಿ ‘ಕಿರುಮಿ ನಾಸಿನಿ ತೆಳಿಪ್ಪು’ ಎಂಬ ಮಾತು ಕಾಣಸಿಗುತ್ತದೆ. ರೋಗಾಣುಗಳನ್ನು ಕೊಲ್ಲುವ ದ್ರಾವಣವನ್ನು ಸಿಂಪಡಿಸುವುದು ಎಂದು ಅದರ ಅರ್ಥ. ಕನ್ನಡ ಕಿವಿಗೆ ಇದು ‘ಕ್ರಿಮಿನಾಶಕ’ ಎಂದು ಕೇಳಿಸುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಕ್ರಿಮಿನಾಶಕವೆಂದರೆ ಹೊಲದ ಬೆಳೆಗೆ ಹೊಡೆಯುವ ವಿಷದ ಔಷಧಿ. ಅದನ್ನು ತಮಿಳಿನಲ್ಲಿ ‘ಪೂಚ್ಚಿಕ್ಕೊಲ್ಲಿ’ ಎನ್ನುತ್ತಾರೆ. ಕೀಟಗಳನ್ನು ಕೊಲ್ಲುವ ಔಷಧಿಯು ವೈರಾಣುವನ್ನು ಕೊಲ್ಲುವುದಿಲ್ಲ. ಮಕ್ಕಳು ಕುಳಿತುಕೊಳ್ಳುವ ಜಾಗದಲ್ಲಿ ಅದನ್ನು ಬಳಸುವುದು ಅಪಾಯಕರ. ಆದ್ದರಿಂದ ಈ ಲೇಖನದಲ್ಲಿ ನಾವು ‘ಸೋಂಕುನಿವಾರಕ’ ಎಂಬ ಪದವನ್ನೇ ಬಳಸುತ್ತೇವೆ.

ಈ ಗೊಂದಲ ಕೇವಲ ಪದಕ್ಕೆ ಸೀಮಿತವಾದುದಲ್ಲ. ಹೊಲಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪನ್ನೇ ತಂದು ಅದರಲ್ಲಿ ಬ್ಲೀಚಿಂಗ್ ನೀರು ತುಂಬಿಸಿ ತರಗತಿಗೆ ಹೊಡೆಯುವ ಯೋಚನೆ ಯಾರಿಗಾದರೂ ಬರಬಹುದು. ಪಂಪಿನ ಟ್ಯಾಂಕನ್ನು ಎಷ್ಟೇ ತೊಳೆದರೂ ಕೀಟನಾಶಕದ ಉಳಿಕೆ ಅದರಲ್ಲಿ ಇರಬಹುದು. ಹೊಲದ ಪಂಪು ಶಾಲೆಯ ಬಾಗಿಲನ್ನು ದಾಟಕೂಡದು.

ತಿರುಪ್ಪೂರಿನ ಸುರಂಗ ಕಲಿಸಿದ ಪಾಠ

ಕೋವಿಡ್ ಹಬ್ಬಿದ ಆರಂಭದ ದಿನಗಳಲ್ಲಿ, 2020ರ ಏಪ್ರಿಲ್ 1ರಂದು, ನಮ್ಮ ನೆರೆಯ ತಿರುಪ್ಪೂರಿನ ತೆನ್ನಂಪಾಳ್ಯಂ ಮಾರುಕಟ್ಟೆಯಲ್ಲಿ ಸೋಂಕುನಿವಾರಕ ಸುರಂಗವೊಂದನ್ನು ತೆರೆಯಲಾಯಿತು. ತರಕಾರಿ ಕೊಳ್ಳಲು ಬಂದವರು ಕೈಯೆತ್ತಿಕೊಂಡು ಕೆಲವು ಕ್ಷಣ ಅದರೊಳಗೆ ನಡೆದು ಹೋಗುತ್ತಿದ್ದರು. ಕ್ಲೋರಿನ್ ದ್ರಾವಣದ ತುಂತುರು ಅವರ ಮೈಮೇಲೆ ಬೀಳುತ್ತಿತ್ತು. ಸುದ್ದಿ ದೇಶದಾದ್ಯಂತ ಹರಡಿ, ಹಲವು ಊರುಗಳಲ್ಲಿ ಇದೇ ಬಗೆಯ ಸುರಂಗಗಳು ತಲೆಯೆತ್ತಿದವು. ಸ್ಥಾಪಿಸಿದವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಆ ತಿಂಗಳಿನಲ್ಲಿಯೇ ತಮಿಳುನಾಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಇಂತಹ ಸುರಂಗಗಳು ಬೇಡವೆಂದಿತು. ಏಪ್ರಿಲ್ 18ರಂದು ಕೇಂದ್ರ ಆರೋಗ್ಯ ಸಚಿವಾಲಯವು ಮನುಷ್ಯರ ಮೇಲೆ ಸೋಂಕುನಿವಾರಕ ಸಿಂಪಡಿಸಬಾರದೆಂದು ಸಲಹೆ ಹೊರಡಿಸಿತು. ಮೇ 15ರಂದು ವಿಶ್ವ ಆರೋಗ್ಯ ಸಂಸ್ಥೆಯು ಯಾವ ಸಂದರ್ಭದಲ್ಲಿಯೂ ವ್ಯಕ್ತಿಗಳ ಮೇಲೆ ಇದನ್ನು ಸಿಂಪಡಿಸಬಾರದೆಂದೂ, ಒಳಾಂಗಣದ ಮೇಲ್ಮೈಗಳಿಗೆ ಸಹ ವಾಡಿಕೆಯಾಗಿ ಸಿಂಪಡಣೆ ಅಥವಾ ಹೊಗೆಮಂಜು ಸಲ್ಲದೆಂದೂ ತಿಳಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯವನ್ನೂ ತಲುಪಿ, 2020ರ ನವೆಂಬರ್ 5ರ ತೀರ್ಪಿನಲ್ಲಿ ಈ ಸುರಂಗಗಳ ನಿಷೇಧ ಅಥವಾ ನಿಯಂತ್ರಣದ ಕುರಿತು ಒಂದು ತಿಂಗಳೊಳಗೆ ನಿರ್ದೇಶನ ನೀಡಬೇಕೆಂದು ಕೇಂದ್ರಕ್ಕೆ ಆದೇಶವಾಯಿತು.

ಇದರ ಹಿಂದಿನ ಕಾರಣ ಸರಳ. ವೈರಾಣುವನ್ನು ಕೊಲ್ಲುವಷ್ಟು ಗಟ್ಟಿಯಾದ ಕ್ಲೋರಿನ್ ದ್ರಾವಣವು ಕಣ್ಣು, ಚರ್ಮ, ಶ್ವಾಸನಾಳಗಳನ್ನು ಉರಿಸುತ್ತದೆ. ಮೈಗೆ ತಾಗಿದರೂ ತೊಂದರೆಯಾಗದಷ್ಟು ತೆಳುವಾದ ದ್ರಾವಣವು ಕೆಲವು ಕ್ಷಣಗಳಲ್ಲಿ ವೈರಾಣುವನ್ನು ಕೊಲ್ಲಲಾರದು. ಅಲ್ಲದೆ ಸೋಂಕು ತಗುಲಿದವನ ಗಂಟಲಿನೊಳಗೆ ಇರುವ ವೈರಾಣುವಿಗೆ ಅಂಗಿಯ ಮೇಲೆ ಬಿದ್ದ ತುಂತುರಿನಿಂದ ಏನೂ ಆಗುವುದಿಲ್ಲ. ಶಾಲೆಯ ಬಾಗಿಲಲ್ಲಿ ಮಕ್ಕಳನ್ನು ನಿಲ್ಲಿಸಿ ತುಂತುರು ಹೊಡೆಯುವ ಯಾವ ಏರ್ಪಾಡನ್ನೂ ಪೋಷಕರು ಒಪ್ಪಬೇಕಾಗಿಲ್ಲ.

ಯಾವ ರೋಗ, ಯಾವ ಮಾರ್ಗ

ಮೇಲ್ಮೈಯನ್ನು ಒರೆಸುವುದರಿಂದ ಎಷ್ಟು ಪ್ರಯೋಜನ ಎಂಬುದು ರೋಗವನ್ನು ಅವಲಂಬಿಸಿದೆ. 2020ರ ಮಾರ್ಚಿನಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೋವಿಡ್ ವೈರಾಣುವಿನ ಕುರುಹು ಪ್ಲಾಸ್ಟಿಕ್ ಮತ್ತು ಸ್ಟೀಲಿನ ಮೇಲೆ 72 ಗಂಟೆಗಳವರೆಗೆ, ರಟ್ಟಿನ ಮೇಲೆ 24 ಗಂಟೆಗಳವರೆಗೆ ಕಂಡುಬಂದಿತ್ತು. ಇದನ್ನು ಓದಿದ ಜನ ಹಾಲಿನ ಪ್ಯಾಕೆಟ್ಟನ್ನೂ ತೊಳೆಯತೊಡಗಿದರು. ಅನಂತರದ ಅನುಭವವು ಬೇರೆಯೇ ಚಿತ್ರವನ್ನು ಕೊಟ್ಟಿತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು, ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕೋವಿಡ್ ತಗುಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಹೇಳಿತು. ಕೋವಿಡ್ ಮುಖ್ಯವಾಗಿ ಉಸಿರಿನ ಮೂಲಕ, ಮುಚ್ಚಿದ ಕೋಣೆಯ ಗಾಳಿಯ ಮೂಲಕ ಹರಡುತ್ತದೆ. ಅಂತಹ ರೋಗ ಬಂದಾಗ ಬಸ್ಸಿನ ಕಿಟಕಿಯನ್ನು ತೆರೆಯುವುದು ಬಸ್ಸಿನ ಸೀಟನ್ನು ಒರೆಸುವುದಕ್ಕಿಂತ ದೊಡ್ಡ ಕೆಲಸ.

ಆದರೆ ಎಲ್ಲ ವೈರಾಣುಗಳೂ ಹೀಗಲ್ಲ. ವಾಂತಿಭೇದಿ ತರುವ ನೊರೊವೈರಸ್ 2021ರ ನವೆಂಬರ್‌ನಲ್ಲಿ ವಯನಾಡಿನ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳಲ್ಲಿಯೂ, 2023ರ ಜನವರಿಯಲ್ಲಿ ಎರ್ನಾಕುಳಂ ಜಿಲ್ಲೆಯ ಶಾಲೆಯೊಂದರ ಪುಟ್ಟ ಮಕ್ಕಳಲ್ಲಿಯೂ ಪತ್ತೆಯಾಯಿತು. ಇದು ಕೈ, ತಟ್ಟೆ, ನಲ್ಲಿ, ಬಾಗಿಲಿನ ಚಿಲಕಗಳ ಮೂಲಕ ಸುಲಭವಾಗಿ ಹರಡುತ್ತದೆ. ಅಂಗೈ, ಅಂಗಾಲು, ಬಾಯಿಗಳಲ್ಲಿ ಗುಳ್ಳೆ ಏಳಿಸುವ ಕೈ-ಕಾಲು-ಬಾಯಿ ರೋಗವೂ ಹಾಗೆಯೇ. ಅಂಗನವಾಡಿ ಮತ್ತು ಕಿರಿಯ ತರಗತಿಗಳ ಆಟಿಕೆಗಳು ಅದಕ್ಕೆ ದಾರಿಯಾಗುತ್ತವೆ. ಇಲ್ಲಿ ಒರೆಸುವುದು, ತೊಳೆಯುವುದು ನಿಜಕ್ಕೂ ರೋಗವನ್ನು ತಡೆಯುತ್ತದೆ.

ಇನ್ನೊಂದು ಭೇದವನ್ನೂ ಗಮನಿಸಬೇಕು. ಕೋವಿಡ್, ಇನ್‌ಫ್ಲುಯೆಂಜಾ, ನಿಪಾ ವೈರಾಣುಗಳಿಗೆ ಕೊಬ್ಬಿನ ಹೊದಿಕೆಯಿದೆ. ಸಾಬೂನು ಆ ಹೊದಿಕೆಯನ್ನು ಕರಗಿಸುವುದರಿಂದ ವೈರಾಣು ನಾಶವಾಗುತ್ತದೆ. ಸ್ಯಾನಿಟೈಸರಿನ ಆಲ್ಕೋಹಾಲ್ ಸಹ ಅದೇ ಕೆಲಸ ಮಾಡುತ್ತದೆ. ನೊರೊವೈರಸ್‌ಗೂ ಕೈ-ಕಾಲು-ಬಾಯಿ ರೋಗದ ವೈರಾಣುವಿಗೂ ಈ ಹೊದಿಕೆಯಿಲ್ಲ. ಆಲ್ಕೋಹಾಲಿಗೆ ಅವು ಸುಲಭವಾಗಿ ಬಗ್ಗುವುದಿಲ್ಲ. ಆಗ ಕೈಯಿಂದ ಅವನ್ನು ಕಳಚಿ ಹಾಕಲು ಸಾಬೂನು ಮತ್ತು ಹರಿಯುವ ನೀರು ಬೇಕು. ಮೇಲ್ಮೈಗೆ ಕ್ಲೋರಿನ್ ಬೇಕು. ಸ್ಯಾನಿಟೈಸರ್ ಬಾಟಲಿಯೊಂದನ್ನು ಬಾಗಿಲಲ್ಲಿ ಇಟ್ಟ ಮಾತ್ರಕ್ಕೆ ವಾಂತಿಭೇದಿಯ ಕಾಲದಲ್ಲಿ ಶಾಲೆಯ ಹೊಣೆ ಮುಗಿಯುವುದಿಲ್ಲ.

ಮೊದಲು ತೊಳೆಯುವುದು, ಅನಂತರ ಸೋಂಕುನಿವಾರಣೆ

ಕ್ಲೋರಿನ್ನಿಗೆ ಒಂದು ದೌರ್ಬಲ್ಯವಿದೆ. ಧೂಳು, ಎಣ್ಣೆಜಿಡ್ಡು, ಅನ್ನದಗುಳು, ಕಫ ಏನೇ ಇದ್ದರೂ ಅದು ಮೊದಲು ಅದರೊಡನೆ ವರ್ತಿಸಿ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ; ವೈರಾಣುವಿನ ಪಾಲಿಗೆ ಉಳಿಯುವುದು ಅಲ್ಪ. ಆದಕಾರಣ ಮೊದಲು ಸಾಬೂನು ನೀರಿನಿಂದ ಮೇಲ್ಮೈಯನ್ನು ತಿಕ್ಕಿ ತೊಳೆಯಬೇಕು, ಶುದ್ಧ ನೀರಿನ ಬಟ್ಟೆಯಿಂದ ಒರೆಸಬೇಕು, ಆಮೇಲೆ ಸೋಂಕುನಿವಾರಕವನ್ನು ಹಚ್ಚಬೇಕು. ಕೊಳೆಯ ಮೇಲೆ ಸಿಂಪಡಿಸಿದ ದ್ರಾವಣ ಬಹುಪಾಲು ವ್ಯರ್ಥ.

ಹಚ್ಚಿದ ಮೇಲೆ ಕಾಯುವುದು ಅಷ್ಟೇ ಮುಖ್ಯ. ಮೇಲ್ಮೈಯು ದ್ರಾವಣದಿಂದ ಒದ್ದೆಯಾಗಿಯೇ ಇರಬೇಕಾದ ಸಮಯ ಕೋವಿಡ್‌ನಂತಹ ವೈರಾಣುವಿಗೆ ಕನಿಷ್ಠ ಒಂದು ನಿಮಿಷ. ವಾಂತಿಭೇದಿಯ ವೈರಾಣುವಿಗೆ ಹತ್ತು ನಿಮಿಷ ಬಿಡುವುದು ಕ್ಷೇಮ. ಹಚ್ಚಿದ ಕೂಡಲೇ ಒಣಬಟ್ಟೆಯಿಂದ ಒರೆಸಿದರೆ ಹಚ್ಚಿದ್ದೂ ಹಚ್ಚದ್ದೂ ಒಂದೇ.

ದ್ರಾವಣದ ಅಳತೆ

ಸಾಮಾನ್ಯ ಮೇಲ್ಮೈಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಪ್ರಮಾಣ ಶೇಕಡಾ 0.1 ಕ್ಲೋರಿನ್. ರಕ್ತ ಮುಂತಾದ ದೇಹದ್ರವ ಚೆಲ್ಲಿದ ಜಾಗಕ್ಕೆ ಶೇಕಡಾ 0.5, ವಾಂತಿ ಮತ್ತು ಭೇದಿಗೂ ಇದನ್ನೇ ಬಳಸಬೇಕು. ಹತ್ತು ಲೀಟರ್ ಬಕೆಟ್ಟಿನ ಲೆಕ್ಕ ಹೀಗಿದೆ.

ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಿದ್ದರೆ: ಮೇಜು, ಸೀಟು, ಚಿಲಕಗಳಿಗೆ 200 ಮಿಲಿ ಲೀಟರ್ ದ್ರಾವಣಕ್ಕೆ ನೀರು ಸೇರಿಸಿ ಒಟ್ಟು 10 ಲೀಟರ್ ಮಾಡಿಕೊಳ್ಳಬೇಕು. ವಾಂತಿ, ಭೇದಿ, ರಕ್ತ ಬಿದ್ದ ಜಾಗಕ್ಕೆ 1 ಲೀಟರ್ ದ್ರಾವಣಕ್ಕೆ 9 ಲೀಟರ್ ನೀರು.

ಶೇಕಡಾ 30ರಷ್ಟು ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ: ಮೊದಲನೆಯದಕ್ಕೆ 10 ಲೀಟರ್ ನೀರಿಗೆ ಸುಮಾರು 34 ಗ್ರಾಂ, ಎರಡನೆಯದಕ್ಕೆ ಸುಮಾರು 170 ಗ್ರಾಂ. ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು, ಕೈಯಂದಾಜು ಬೇಡ. ಪೌಡರನ್ನು ಮೊದಲು ಸ್ವಲ್ಪ ನೀರಿನಲ್ಲಿ ಕದಡಿ, ಉಳಿದ ನೀರನ್ನು ಸೇರಿಸಿ, ಗಸಿ ತಳಕ್ಕೆ ಇಳಿದ ಮೇಲೆ ತಿಳಿನೀರನ್ನು ಮಾತ್ರ ಬಳಸಬೇಕು.

ಬಾಟಲಿ ಅಥವಾ ಚೀಲದ ಮೇಲೆ ಬರೆದಿರುವ ಶೇಕಡಾವಾರು ಬೇರೆಯಾಗಿದ್ದರೆ ಲೆಕ್ಕವೂ ಬೇರೆ. ಹೈಪೋಕ್ಲೋರೈಟ್ ಶೇಕಡಾ 4 ಎಂದಿದ್ದರೆ 200ರ ಬದಲು 250 ಮಿಲಿ ಲೀಟರ್ ಬೇಕು. ಬಿಸಿಲು ಮತ್ತು ಶಾಖಕ್ಕೆ ಕ್ಲೋರಿನ್ ಆರಿಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಬ್ಲೀಚಿಂಗ್ ಪೌಡರಿನಲ್ಲಿ ವಾಸನೆ ಉಳಿದಿರಬಹುದು, ಶಕ್ತಿ ಉಳಿದಿರಲಾರದು. ‘ತಯಾರಿಪ್ಪು ತೇದಿ’ ಎಂದರೆ ತಯಾರಿಸಿದ ದಿನಾಂಕ, ‘ಕಾಲಾವದಿ ತೇದಿ’ ಎಂದರೆ ಅವಧಿ ಮುಗಿಯುವ ದಿನಾಂಕ, ಎರಡನ್ನೂ ನೋಡಬೇಕು. ಬೆರೆಸಿದ ದ್ರಾವಣವನ್ನು ಆ ದಿನವೇ ಬಳಸಿ ಮುಗಿಸಿ, ಮರುದಿನಕ್ಕೆ ಹೊಸದನ್ನು ಮಾಡಿಕೊಳ್ಳಬೇಕು.

ತರಗತಿಯಲ್ಲಿ

ಗೋಡೆ, ಮಾಡು, ಅಂಗಳ, ರಸ್ತೆಗಳಿಗೆ ಸೋಂಕುನಿವಾರಕ ಹಚ್ಚಬೇಕಾಗಿಲ್ಲ. ಹಲವು ಕೈಗಳು ಮುಟ್ಟುವ ಜಾಗಗಳ ಪಟ್ಟಿಯನ್ನು ಶಾಲೆ ಮಾಡಿಟ್ಟುಕೊಂಡರೆ ಸಾಕು: ಬಾಗಿಲಿನ ಚಿಲಕ ಮತ್ತು ಹಿಡಿ, ಮೆಟ್ಟಿಲಿನ ಕೈಪಿಡಿ, ಮೇಜು ಮತ್ತು ಬೆಂಚಿನ ಅಂಚು, ಸ್ವಿಚ್ಚು, ಕುಡಿಯುವ ನೀರಿನ ನಲ್ಲಿ, ಶೌಚಾಲಯದ ಚೊಂಬು ಮತ್ತು ನಲ್ಲಿ, ಕಂಪ್ಯೂಟರ್ ಕೀಲಿಮಣೆ, ಆಟದ ಸಾಮಗ್ರಿ. ಸ್ವಿಚ್ಚು ಮತ್ತು ಕೀಲಿಮಣೆಗಳಿಗೆ ನೀರಿನ ದ್ರಾವಣ ತಾಗಿಸದೆ, ವಿದ್ಯುತ್ ನಿಲ್ಲಿಸಿ, ಶೇಕಡಾ 70ರ ಆಲ್ಕೋಹಾಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು.

ಒರೆಸುವ ಕ್ರಮ ಮೇಲಿನಿಂದ ಕೆಳಕ್ಕೆ, ಶುಚಿಯಾದ ಕಡೆಯಿಂದ ಕೊಳೆಯಾದ ಕಡೆಗೆ. ಶೌಚಾಲಯದ ಬಟ್ಟೆ ಮತ್ತು ಬಕೆಟ್ಟು ತರಗತಿಗೆ ಬರಕೂಡದು; ಬೇರೆ ಬಣ್ಣದವನ್ನು ಇಟ್ಟರೆ ತಪ್ಪುವ ಸಂಭವ ಕಡಿಮೆ. ಕೊಳೆಯಾದ ಬಟ್ಟೆಯನ್ನು ಮತ್ತೆ ಅದೇ ಬಕೆಟ್ಟಿನಲ್ಲಿ ಅದ್ದಿದರೆ ದ್ರಾವಣವೂ ಕೊಳೆಯಾಗುತ್ತದೆ. ಪ್ರತಿ ಕೋಣೆಗೂ ಹೊಸ ಬಟ್ಟೆ ಇರಲಿ. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಆಟಿಕೆಗಳನ್ನು ದ್ರಾವಣ ಹಚ್ಚಿದ ಮೇಲೆ ನೀರಿನಲ್ಲಿ ತೊಳೆದು ಒಣಗಿಸಬೇಕು. ಊಟದ ತಟ್ಟೆ ಲೋಟಗಳಿಗೆ ಸಾಬೂನು ಮತ್ತು ಬಿಸಿನೀರು, ಅನಂತರ ಬಿಸಿಲು. ಈ ಕೆಲಸಗಳೆಲ್ಲ ಮಕ್ಕಳು ಹೋದ ಮೇಲೆ, ಕಿಟಕಿ ಬಾಗಿಲು ತೆರೆದು ನಡೆಯಬೇಕು. ಇದನ್ನು ಮಕ್ಕಳಿಂದ ಮಾಡಿಸಕೂಡದು.

ಶಾಲಾ ವಾಹನದಲ್ಲಿ

ತಮಿಳುನಾಡಿನಲ್ಲಿ ಶಾಲಾ ಬಸ್ಸುಗಳಿಗೆಂದೇ 2012ರ ವಿಶೇಷ ನಿಯಮಗಳಿವೆ. ಶಾಲೆ ತೆರೆಯುವ ಮುನ್ನ ಸಾರಿಗೆ ಅಧಿಕಾರಿಗಳು ಬ್ರೇಕು, ತುರ್ತು ಬಾಗಿಲು, ನೆಲದ ಹಲಗೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಪರೀಕ್ಷಿಸುತ್ತಾರೆ. ದಿನದಿನದ ಶುಚಿತ್ವವಾದರೋ ಚಾಲಕರ ಮತ್ತು ಸಹಾಯಕರ ಕೈಯಲ್ಲಿದೆ.

ಬೆಳಗಿನ ಓಡಾಟ ಮುಗಿದು ಸಂಜೆಯ ಓಡಾಟ ಆರಂಭವಾಗುವವರೆಗೆ ಸಾಕಷ್ಟು ಸಮಯವಿರುತ್ತದೆ. ಆಗ ಎಂಜಿನ್ ನಿಲ್ಲಿಸಿ, ಎಲ್ಲ ಬಾಗಿಲು ಕಿಟಕಿಗಳನ್ನು ತೆರೆದು, ನೆಲವನ್ನು ಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರೆಸಬೇಕು. ಒಣ ಪೊರಕೆ ಧೂಳನ್ನು ಮೇಲೆಬ್ಬಿಸುತ್ತದೆ. ಬಾಗಿಲ ಪಕ್ಕದ ಹಿಡಿಕಂಬಿ, ಸೀಟಿನ ಬೆನ್ನಿನ ಮೇಲಂಚು, ಕಿಟಕಿಯ ಕೊಂಡಿ, ಮಕ್ಕಳು ಗಲ್ಲವೂರುವ ಅಡ್ಡಕಂಬಿ, ಚಾಲಕರ ಸ್ಟೀರಿಂಗ್ ಮತ್ತು ಗೇರು ಇವು ಮುಖ್ಯ. ಕ್ಲೋರಿನ್ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ, ರೆಕ್ಸಿನ್ ಸೀಟನ್ನು ಬಿರುಕುಬಿಡಿಸುತ್ತದೆ. ಆದ್ದರಿಂದ ನಿಗದಿತ ಸಮಯ ಕಳೆದ ಮೇಲೆ ಶುದ್ಧ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು. ಡ್ಯಾಶ್‌ಬೋರ್ಡ್ ಮತ್ತು ವಿದ್ಯುತ್ ತಂತಿಗಳಿರುವೆಡೆ ಆಲ್ಕೋಹಾಲಿನ ಬಟ್ಟೆ ಸಾಕು. ಮಕ್ಕಳು ಹತ್ತುವುದಕ್ಕೆ ಕನಿಷ್ಠ ಅರ್ಧ ಗಂಟೆ ಮೊದಲು ಕೆಲಸ ಮುಗಿದಿರಬೇಕು; ವಾಹನದೊಳಗೆ ಕಣ್ಣು ಉರಿಯುವ ವಾಸನೆ ಇರಬಾರದು.

ಓಡಾಟದ ವೇಳೆ ಕಿಟಕಿಗಳು ತೆರೆದಿರಲಿ. ಮಳೆ ಬಂದರೂ ಎರಡೂ ಬದಿಗಳಲ್ಲಿ ಕೆಲವನ್ನಾದರೂ ಒಂದಿಷ್ಟು ತೆರೆದಿಡಬೇಕು. ಹವಾನಿಯಂತ್ರಿತ ವಾಹನವಾದರೆ ಹೊರಗಿನ ಗಾಳಿ ಒಳಬರುವಂತೆ ಗುಂಡಿಯನ್ನು ತಿರುಗಿಸಿಡಬೇಕು. ಶೇರ್ ಆಟೋ ಮತ್ತು ವ್ಯಾನುಗಳಲ್ಲಿ ಮಕ್ಕಳನ್ನು ಕಳುಹಿಸುವ ಮನೆಗಳು ತಮ್ಮಲ್ಲಿಯೇ ಸರದಿ ಹಾಕಿಕೊಂಡು ಬಟ್ಟೆ ಮತ್ತು ದ್ರಾವಣವನ್ನು ಒದಗಿಸಿದರೆ ಚಾಲಕರಿಗೂ ಭಾರವಾಗದು. ದ್ರಾವಣದ ಡಬ್ಬಿ, ಆಲ್ಕೋಹಾಲಿನ ಕ್ಯಾನುಗಳನ್ನು ಮಕ್ಕಳಿರುವಾಗ ವಾಹನದಲ್ಲಿ ಸಾಗಿಸಕೂಡದು. ಆಲ್ಕೋಹಾಲ್ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ.

ಮಗು ವಾಂತಿ ಮಾಡಿಕೊಂಡಾಗ

ಮೊದಲು ಮಗುವನ್ನು ಸಮಾಧಾನಪಡಿಸಿ, ಉಳಿದ ಮಕ್ಕಳನ್ನು ಆ ಜಾಗದಿಂದ ದೂರ ಕೂರಿಸಬೇಕು. ಶುಚಿ ಮಾಡುವವರು ಕೈಗವಸು ಮತ್ತು ಮುಖಗವಸು ಧರಿಸಿ, ವಾಂತಿಯ ಮೇಲೆ ಹಳೆಯ ಪತ್ರಿಕೆ ಅಥವಾ ಬಟ್ಟೆಯನ್ನು ಮುಚ್ಚಿ ಹೀರಿಸಬೇಕು. ಹೊರ ಅಂಚಿನಿಂದ ಒಳಗೆ ಬಳಿದು ಚೀಲದೊಳಗೆ ಹಾಕಿ ಗಂಟು ಕಟ್ಟಬೇಕು. ಸಾಬೂನು ನೀರಿನಿಂದ ತೊಳೆದ ಮೇಲೆ ಶೇಕಡಾ 0.5ರ ದ್ರಾವಣವನ್ನು ಸುರಿದು ಹತ್ತು ನಿಮಿಷ ಬಿಟ್ಟು ಒರೆಸಬೇಕು. ವಾಂತಿಯ ಕಣಗಳು ದೂರಕ್ಕೆ ಸಿಡಿಯುವುದರಿಂದ ಸುತ್ತಲಿನ ಸೀಟುಗಳನ್ನೂ ಒರೆಸಬೇಕು. ಪ್ರಯಾಣದ ನಡುವೆ ಇಷ್ಟೆಲ್ಲ ಸಾಧ್ಯವಾಗದಿದ್ದರೆ ಮುಚ್ಚಿ ಬಳಿದು, ಆ ಸೀಟುಗಳನ್ನು ಖಾಲಿಯಿಟ್ಟು, ಶಾಲೆ ತಲುಪಿದ ಮೇಲೆ ಉಳಿದದ್ದನ್ನು ಮಾಡಬೇಕು. ಪತ್ರಿಕೆ, ಕೈಗವಸು, ಚೀಲಗಳ ಒಂದು ಚಿಕ್ಕ ಕಟ್ಟು ಪ್ರತಿ ವಾಹನದಲ್ಲಿಯೂ ಇರಲಿ. ವಾಂತಿಭೇದಿಯಾದ ಮಗುವನ್ನು ರೋಗ ನಿಂತ ಮೇಲೆ ಎರಡು ದಿನವಾದರೂ ಮನೆಯಲ್ಲಿರಿಸಿಕೊಳ್ಳುವುದು ಪೋಷಕರ ಕರ್ತವ್ಯ.

ಪ್ರಾಣಕ್ಕೆ ಎರವಾಗುವ ತಪ್ಪುಗಳು

ಬ್ಲೀಚಿಂಗ್ ದ್ರಾವಣವನ್ನು ಶೌಚಾಲಯ ತೊಳೆಯುವ ಆಸಿಡ್ಡಿನೊಡನೆ ಎಂದಿಗೂ ಬೆರೆಸಕೂಡದು; ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ತಮಿಳಿನಲ್ಲಿ ಆಸಿಡ್ಡನ್ನು ‘ಅಮಿಲಂ’ ಎನ್ನುತ್ತಾರೆ. ನಮ್ಮ ‘ಆಮ್ಲ’ವೇ ಅದು. ಅಮೋನಿಯಾ ಇರುವ ದ್ರಾವಣಗಳೊಡನೆಯೂ ಬೆರೆಸಬಾರದು. ಎರಡು ಸೇರಿದರೆ ಹೆಚ್ಚು ಶಕ್ತಿ ಬರುತ್ತದೆಂಬುದು ಭ್ರಮೆ.

ದ್ರಾವಣವನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವುದು ಎಲ್ಲಕ್ಕಿಂತ ಭಯಂಕರವಾದ ತಪ್ಪು. ನೋಡಲು ಅದು ನೀರಿನಂತೆಯೇ ಇರುತ್ತದೆ. ಬಾಯಾರಿದ ಮಗು ವಾಸನೆ ನೋಡಿ ಕುಡಿಯುವುದಿಲ್ಲ. ಪ್ರತ್ಯೇಕ ಡಬ್ಬಿಯ ಮೇಲೆ ‘ಕುಡಿಯಬಾರದು’ ಎಂದು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದು, ಬೀಗದೊಳಗೆ ಇಡಬೇಕು. ಮಗು ಕುಡಿದಿದ್ದರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಬೇಕು. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ 15 ನಿಮಿಷವಾದರೂ ತೊಳೆಯುತ್ತಿದ್ದು, ವೈದ್ಯರಿಗೆ ತೋರಿಸಬೇಕು.

ಪೋಷಕರು ಕೇಳಬೇಕಾದದ್ದು

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಾಗಿರಬೇಕು. ತಮಿಳಿನಲ್ಲಿ ಇದನ್ನು ‘ಪಳ್ಳಿ ಮೇಲಾಣ್ಮೈ ಕುಳು’ ಎನ್ನುತ್ತಾರೆ. ಭಾಷೆ ಬಾರದೆಂದು ನಮ್ಮ ತಾಯಂದಿರು ಸಭೆಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತು ಬರಬೇಕಾಗಿಲ್ಲ. ಈ ಆರು ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳಿದರೂ ಸರಿಯೇ.

1. ಬಳಸುತ್ತಿರುವ ದ್ರಾವಣ ಯಾವುದು, ಅದನ್ನು ಯಾವ ಅಳತೆಯಲ್ಲಿ ಬೆರೆಸುತ್ತಿದ್ದೀರಿ?
2. ಮೊದಲು ಸಾಬೂನಿನಿಂದ ತೊಳೆಯುತ್ತಾರೆಯೇ, ಅಥವಾ ನೇರವಾಗಿ ಸಿಂಪಡಿಸುತ್ತಾರೆಯೇ?
3. ಕೆಲಸ ಮುಗಿದು ಎಷ್ಟು ಹೊತ್ತಿನ ಮೇಲೆ ಮಕ್ಕಳು ಒಳಬರುತ್ತಾರೆ?
4. ಶುಚಿ ಮಾಡುವ ಆಯಾ ಮತ್ತು ಬಸ್ಸಿನ ಸಹಾಯಕರಿಗೆ ಕೈಗವಸು, ಮುಖಗವಸು ಕೊಟ್ಟಿದ್ದೀರಾ?
5. ಬಸ್ಸಿನ ಎಲ್ಲ ಕಿಟಕಿಗಳೂ ತೆರೆಯುತ್ತವೆಯೇ?
6. ಕೈತೊಳೆಯುವ ನಲ್ಲಿಯಲ್ಲಿ ನೀರೂ ಪಕ್ಕದಲ್ಲಿ ಸಾಬೂನೂ ದಿನವಿಡೀ ಇರುತ್ತವೆಯೇ?

ನಾಲ್ಕನೆಯ ಪ್ರಶ್ನೆಯನ್ನು ಮರೆಯಬಾರದೆಂದು ನಾವು ವಿಶೇಷವಾಗಿ ಕೋರುತ್ತೇವೆ. ದಿನವೂ ಕ್ಲೋರಿನ್ನಿನಲ್ಲಿ ಕೈಯದ್ದುವವರು ಅವರೇ. ಅವರ ಚರ್ಮ ಸುಲಿದರೆ, ಉಸಿರು ಕಟ್ಟಿದರೆ ನಮ್ಮ ಮಕ್ಕಳ ಕ್ಷೇಮಕ್ಕೆ ಅವರು ತೆತ್ತ ಬೆಲೆಯಾಗುತ್ತದೆ.

ತಮಿಳುನಾಡಿನಲ್ಲಿ ಕೋವಿಡ್‌ನಿಂದ ಮುಚ್ಚಿದ ಶಾಲೆಗಳು 1ರಿಂದ 8ನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್ 1ರಂದು. ಒಂದೂವರೆ ವರ್ಷಕ್ಕೂ ಮೀರಿ ಅವರು ತರಗತಿಯನ್ನು ಕಾಣಲಿಲ್ಲ. ಮನೆಯ ಹೊರಗೆ ಕನ್ನಡ ಕೇಳಿಸದ ಊರುಗಳಲ್ಲಿ, ಕನ್ನಡ ಅಕ್ಷರ ಕಲಿಯುವ ಮಗುವಿಗೆ ತರಗತಿಯೊಂದೇ ಆಸರೆ. ಅದು ಮುಚ್ಚಿದ ದಿನಗಳ ನಷ್ಟ ಅಂತಹ ಮಗುವಿಗೆ ದುಪ್ಪಟ್ಟು. ಮತ್ತೊಂದು ಸೋಂಕು ಬಂದಾಗ ಶಾಲೆಯನ್ನು ಎಷ್ಟು ದಿನ ತೆರೆದಿಡಬಹುದೆಂಬುದನ್ನು ಸಾಬೂನು, ತೂಗಿ ಬೆರೆಸಿದ ದ್ರಾವಣ, ಒಂದು ಶುಚಿಯಾದ ಬಟ್ಟೆ, ತೆರೆದ ಕಿಟಕಿ ಇವೂ ನಿರ್ಧರಿಸುತ್ತವೆ. ಈ ಲೇಖನದ ಅಳತೆಯ ಭಾಗವನ್ನು ಬರೆದುಕೊಂಡು ತಮ್ಮ ಮಗುವಿನ ಶಾಲೆಯ ಆಯಾ ಅವರಿಗೂ ಬಸ್ಸಿನ ಚಾಲಕರಿಗೂ ತಲುಪಿಸಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.